ದುರ್ಸುನ್ ಮಾಮನ ಮಾಳಿಗೆಯ ಸೀಸೆ

ಪ್ರೀತಿಯ ಅಕ್ಕ,

ಯೋಜ್‌ಗಾತ್ ಕಡೆಯ ಈ ಹಳ್ಳಿಯಲ್ಲಿ ನಮ್ಮ ಸಿನಿಮಾದ ಚಿತ್ರೀಕರಣ ನಡೆದಿದೆ. ಚೆಂದ ಕಾಣಲೆಂದು ನಮ್ಮವರು ಊರವರೆಲ್ಲ ದುರ್ಸುನ್ ಮಾಮ ಎಂದು ಕರೆಯುವವನ ಮಾಳಿಗೆಯ ಮೇಲೆ ಖಾಲಿ ಸೀಸೆಯೊಂದನ್ನು ಇಟ್ಟರು. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆಂದು ಸಾರಲು ಇಲ್ಲಿ ಸೀಸೆ ಇಡುತ್ತಾರೆ, ಮದುವೆಯಾಗಬಯಸುವವನು ಅದನ್ನು ಕಲ್ಲೆಸೆದು ಒಡೆಯುತ್ತಾನೆ ಎಂಬುದು ನಮಗೆ ಗೊತ್ತಿರಲಿಲ್ಲ. ಇಪ್ಪತ್ತೆರಡರ ಮಗಳು ಸೆಹೆರ್ ಇನ್ನೂ ಮಗು ಎಂದು ಮಾಮ ಬಂದವರನ್ನೆಲ್ಲ ಹಿಂದೆ ಕಳಿಸುತ್ತಿದ್ದ. ಇವತ್ತು ಬೆಳಿಗ್ಗೆ ಅವಳು ಮೆಚ್ಚಿದ ಕುರಿಗಾಹಿ ಯಾಕುಪ್ ಒಂದೇ ಕಲ್ಲಿಗೆ ಸೀಸೆ ಒಡೆದು, ತಾಯಿಯನ್ನು ಕರೆತಂದ.

"ಅದು ಸಿನಿಮಾದೋರ ಸೀಸೆ ಕಣೋ!" ಎಂದು ಮಾಮ ಕೂಗಾಡಿದ.

"ಸೀಸೆ ಅವರ್ದಾದ್ರೇನು, ಮಾಳಿಗೆ ನಿಂದೇ ಅಲ್ವೇನೋ? ಊರೆಲ್ಲ ನೋಡಿದೆ. ಬಂದೋರ್ನ ಕೂರಿಸು," ಎಂದು ಮಾಮನ ಹೆತ್ತ ತಾಯಿಯೇ ಗದರಿದಳು.

ಮಾಮ ಗೊಣಗುತ್ತ ಅವರಿಗೆ ಕೂರಲು ದಿಂಬು ಹಾಕಿದ. ಸೆಹೆರ್ ತಂದ ಕಾಫಿ ಮುಗಿಯುವ ಹೊತ್ತಿಗೆ ಮದುವೆಯ ಮಾತು ಗಟ್ಟಿಯಾಯಿತು.

ನನ್ನ ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳು.

ಮಧ್ಯಾಹ್ನ ನಿರ್ದೇಶಕರು ಬೇರೆ ಸೀಸೆ ಇಟ್ಟು ಬಾ ಎಂದು ನನ್ನನ್ನೇ ಕಳಿಸಿದರು. ಸೆಹೆರ್ ಏಣಿಯನ್ನು ಎತ್ತಿ ಒಳಗಿಟ್ಟು, "ಇಲ್ಲಿ ಮದುವೆಗೆ ಇನ್ಯಾರೂ ಇಲ್ಲಣ್ಣ, ಪಕ್ಕದ ಮನೇಲಿ ಒಬ್ಳಿದ್ದಾಳೆ, ಅಲ್ಲಿಡು. ಕಲ್ಲು ನೀನೇ ಹೊಡಿ," ಎಂದಳು. ನಾನು ಸೀಸೆ ಹಿಡಿದುಕೊಂಡು ಓಡಿಬಂದೆ.

ಅಂಚೆಯ ಜೀಪು ಹೊರಡುತ್ತಿದೆ, ಇಲ್ಲಿಗೆ ಮುಗಿಸುತ್ತೇನೆ.

ನಿನ್ನ ತಮ್ಮ,
ನೆಜಾತ್