ಅಮ್ಮ ಓದಿದ ವಚನ

ಹದಿನಾಲ್ಕನೇ ತಾರೀಖು, ಬುಧವಾರ
ಮಧ್ಯಾಹ್ನ, ಅಂಗಡಿಯಿಂದ

ಕರ್ತನಲ್ಲಿ ಪ್ರಿಯಳಾದ ನನ್ನ ಮಿಟುಕಿಗೆ,

ಅಮ್ಮನ ನೂರು ಮುತ್ತು. ನಿನ್ನ ಕಾಗದ ಸೋಮವಾರವೇ ಕೈಸೇರಿತು. ಎರಡು ದಿನ ಅದನ್ನು ಕೆಲಸದ ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸುಳ್ಳು ಇನ್ನು ಸಾಕು.

ಈಗ ಅಂಗಡಿಯ ಬಾಗಿಲು ಅರ್ಧ ಎಳೆದಿದೆ. ಮಾಲೀಕರು ಊಟಕ್ಕೆ ಹೋದರೆ ಒಂದೂವರೆ ಗಂಟೆ ಈ ಕಡೆ ತಲೆ ಹಾಕುವುದಿಲ್ಲ. ಗೋಡೆಯುದ್ದಕ್ಕೂ ಕನ್ನಡಕಗಳು ಸಾಲಾಗಿ ಕೂತು ನನ್ನನ್ನೇ ನೋಡುತ್ತಿವೆ. ಬಿಸಿಲು ಅವುಗಳನ್ನು ಹಾದು ನೆಲದ ಮೇಲೆ ಪುಟ್ಟ ಪುಟ್ಟ ಬೆಳಕಿನ ಕೊಳಗಳಾಗಿ ನಿಂತಿದೆ. ನೀನು ಚಿಕ್ಕವಳಿದ್ದಾಗ ಅವುಗಳನ್ನು ತುಳಿಯದ ಹಾಗೆ ಒಂಟಿಗಾಲಲ್ಲಿ ಕುಪ್ಪಳಿಸುತ್ತಿದ್ದೆ. ಬೀದಿಯ ಸದ್ದು ನೀರಿನಡಿಯಿಂದ ಕೇಳಿದ ಹಾಗೆ ಕೇಳುತ್ತಿದೆ. ಈ ಹೊತ್ತಿನಲ್ಲಿ ನನಗೆ ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಒಂದು ಮಂಪರು ಬರುತ್ತದೆ. ಬಹುಶಃ ಅದರಲ್ಲೇ ಈ ಕಾಗದ ಬರೆಯಲು ಸಾಧ್ಯ.

ಬರುವ ಭಾನುವಾರ ಬಿಟ್ಟು ಮುಂದಿನ ಭಾನುವಾರ ದೇವಶಾಸ್ತ್ರದ ಕಾಲೇಜಿನ ಆರಾಧನೆಯಲ್ಲಿ ನಿನ್ನ ಮೊದಲ ಪ್ರಸಂಗ. ಅವಳಿ ಗಂಡುಮಕ್ಕಳು ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ದೇವರು ಒಬ್ಬನನ್ನು ಆರಿಸಿಕೊಂಡ ಮಾತನ್ನು ಅಪೊಸ್ತಲನು ಎತ್ತಿಕೊಂಡು ಬರೆಯುವ ಅಧ್ಯಾಯವೇ ನಿನ್ನ ಪಾಲಿಗೆ ಬಂದಿದೆ. ಎಲ್ಲವೂ ಮೊದಲೇ ನೇಮಕವಾಗಿದ್ದರೆ ಮೊಣಕಾಲೂರಿ ಬೇಡುವುದು ಯಾಕೆ ಎಂದು ನಿನ್ನ ಕೋಣೆಯ ಗೆಳತಿ ಕೇಳುತ್ತಾಳಂತೆ. ಮನುಷ್ಯನ ಆಯ್ಕೆಯಿಂದಲೇ ರಕ್ಷಣೆ ಎಂದಾದರೆ ಕೃಪೆಗೆ ಉಳಿದ ಕೆಲಸವೇನು ಎಂದು ಮೆಸ್ಸಿನಲ್ಲಿ ಎದುರು ಕೂರುವವನು ಮೇಜು ಕುಟ್ಟುತ್ತಾನಂತೆ. ಗ್ರಂಥ ಎರಡನ್ನೂ ಹೇಳುತ್ತದೆ, ಒಂದನ್ನು ಕತ್ತರಿಸಿಕೊಂಡು ಇನ್ನೊಂದನ್ನು ಎಸೆಯಬೇಡಿ ಎಂದು ಹೇಳಿ ನಿಮ್ಮ ಮೇಷ್ಟ್ರು ಚಹಾ ಕುಡಿಯಲು ಹೋಗಿಬಿಡುತ್ತಾರಂತೆ. ಓದಿ ನಕ್ಕೆ. ಮುಂದಿನ ಸಾಲಿಗೆ ಬಂದಾಗ ನಗು ಅಲ್ಲೇ ನಿಂತಿತು.

ಪ್ರಸಂಗದ ನಡುವೆ ನಿನ್ನದೇ ಕಥೆ ಹೇಳುತ್ತೇನೆ ಎಂದು ಬರೆದಿದ್ದೀಯ. ಶಿಶುಮಂದಿರದಲ್ಲಿ ಎರಡು ತೊಟ್ಟಿಲು, ಎರಡು ಹೆಣ್ಣುಮಕ್ಕಳು. ಅಪ್ಪ ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟದ್ದು, ಅಲ್ಲಿದ್ದ ವಚನ ನಿನ್ನನ್ನೇ ತೋರಿಸಿದ್ದು. ಅದರ ಅಧ್ಯಾಯ, ವಚನದ ಸಂಖ್ಯೆ ಸರಿಯಾಗಿ ತಿಳಿಸಮ್ಮ ಎಂದು ಕೇಳಿದ್ದೀಯ.

ಮಗಳೇ, ಅದನ್ನು ಪೀಠದ ಮೇಲೆ ನಿಂತು ಹೇಳಬೇಡ. ನಡೆದದ್ದು ಹಾಗಲ್ಲ.

ಮೊದಲು ನಿನ್ನ ಅಪ್ಪನ ಒಂದು ಸಂಗತಿ ಹೇಳಬೇಕು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಸಭೆಯ ಹಿರಿಯರು, ಗ್ರಂಥ ಮುಟ್ಟುವ ಮುಂಚೆ ಮೂರು ಸಲ ಸೋಪು ಹಾಕಿ ಕೈ ತೊಳೆಯುವವರು. ಇಷ್ಟು ನಿನಗೆ ಗೊತ್ತು. ನಮ್ಮ ಮದುವೆಗೆ ಮುಂಚೆ ಒಂದು ದಿನ ಅವರೂ ಅವರ ಗೆಳೆಯನೂ ಬಸ್ಸಿನ ಕೆಳಗೆ ಅಕ್ಕಪಕ್ಕ ಮಲಗಿ ಕೆಲಸ ಮಾಡುತ್ತಿದ್ದರು. ಒಂದು ಸ್ಪ್ಯಾನರ್ ಬೇಕಾಯಿತು. ಯಾರು ಹೋಗುವುದು ಎಂದು ಇಬ್ಬರೂ ಸೋಮಾರಿತನದಿಂದ ಒಬ್ಬರನ್ನೊಬ್ಬರು ತಳ್ಳಾಡಿದರು. ಕಡೆಗೆ ಅಪ್ಪ ಎದ್ದು ಹೋದರು. ಅವರು ಬೆನ್ನು ತಿರುಗಿಸಿದಾಗ ಜಾಕಿ ಜಾರಿತು.

ಆಮೇಲೆ ಎರಡು ವರ್ಷ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ. ನಾನು ಎದ್ದದ್ದರಿಂದ ಉಳಿದೆ ಎಂದರೆ, ನಾನು ಎದ್ದದ್ದರಿಂದಲೇ ಅವನು ಸತ್ತ ಎಂದೂ ಆಗುತ್ತದಲ್ಲ ಎನ್ನುತ್ತಿದ್ದರು. ಮನುಷ್ಯನ ದಿನಗಳು ಹುಟ್ಟುವ ಮೊದಲೇ ದೇವರ ಕೈಯಲ್ಲಿ ಬರೆದಿವೆ ಎಂಬ ಉಪದೇಶ ಅವರಿಗೆ ವಾದವಾಗಿರಲಿಲ್ಲ, ಹಾಸಿಗೆಯಾಗಿತ್ತು. ಅದರ ಮೇಲೆ ಅವರು ಮೊದಲ ಸಲ ಕಣ್ಣು ಮುಚ್ಚಿದರು. ನಿನ್ನ ಮೆಸ್ಸಿನ ಹುಡುಗ ಮೇಜು ಕುಟ್ಟುವಾಗ ಇದನ್ನು ನೆನಪಿಟ್ಟುಕೋ. ಕೆಲವರು ಆ ಮಾತನ್ನು ಗೆಲ್ಲುವುದಕ್ಕಲ್ಲ, ಬದುಕುವುದಕ್ಕೆ ಹಿಡಿದುಕೊಂಡಿರುತ್ತಾರೆ.

ನಮಗೆ ಮಕ್ಕಳಾಗಲಿಲ್ಲ. ಹನ್ನೆರಡು ವರ್ಷ ಕಾದೆವು. ಒಂದು ಗುರುವಾರ ಬೆಳಿಗ್ಗೆ ಶಿಶುಮಂದಿರದಿಂದ ಕರೆ ಬಂತು. ಹೋದೆವು. ಉದ್ದನೆಯ ಕೋಣೆ, ಸುಣ್ಣ ಬಳಿದ ಗೋಡೆ, ಕಾದ ಹಾಲಿನ ವಾಸನೆ. ಕಿಟಕಿಯ ಹತ್ತಿರ ಎರಡು ತೊಟ್ಟಿಲು. ಎಂಟು ತಿಂಗಳ ಇಬ್ಬರು ಹುಡುಗಿಯರು, ಹನ್ನೊಂದು ದಿನಗಳ ಅಂತರ. ಯಾರನ್ನು ಬೇಕಾದರೂ ಆರಿಸಿಕೊಳ್ಳಿ ಎಂದು ಮೇಲ್ವಿಚಾರಕಿ ಬಟ್ಟೆ ಅಂಗಡಿಯವರ ಹಾಗೆ ಹೇಳಿಬಿಟ್ಟು ಹೊರಗೆ ಹೋದರು.

ಅಪ್ಪನ ಮುಖ ಬಿಳುಚಿಕೊಂಡಿತು. ಇಬ್ಬರಲ್ಲಿ ಒಬ್ಬರು. ಅವರಿಗೆ ಬಸ್ಸಿನಡಿಯ ಗೆಳೆಯ ಕಂಡಿರಬೇಕು. “ಆರಿಸೋಕೆ ನಾವು ಯಾರು?” ಎಂದು ಮೆಲ್ಲಗೆ ಹೇಳಿ ಚೀಲದಿಂದ ಸತ್ಯವೇದ ತೆಗೆದರು. ನಿಂತಲ್ಲೇ ಪ್ರಾರ್ಥಿಸಿದರು. ಕಣ್ಣು ಮುಚ್ಚಿಯೇ ಪುಸ್ತಕ ತೆರೆದು ಹಾಳೆಯ ಮೇಲೆ ಬೆರಳಿಟ್ಟರು. ಓದುವ ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದರು. ಕನ್ನಡಕದಂಗಡಿಯವಳ ಗಂಡ, ಹೇಳಿದರೆ ನಗೆಪಾಟಲು. “ನೀನೇ ಓದು” ಎಂದರು.

ಬೆರಳ ತುದಿಯಲ್ಲಿದ್ದದ್ದು ಪ್ರವಾದಿಯೊಬ್ಬನು ದರ್ಶನದಲ್ಲಿ ಕಂಡ ದೇವಾಲಯದ ಬಾಗಿಲುಗಳ ಅಳತೆ. ಅಗಲ ಇಷ್ಟು ಮೊಳ, ಉದ್ದ ಇಷ್ಟು ಮೊಳ. ಮಗುವನ್ನು ಕೇಳಿದ್ದಕ್ಕೆ ದೇವರು ಬಡಗಿಗೆ ಕೊಡುವ ಚೀಟಿ ಕೊಟ್ಟಿದ್ದ.

ನಾನು ಅದನ್ನು ಓದಲಿಲ್ಲ. ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಅವಳಿಗಳ ಮಾತು ನಾಲಿಗೆಗೆ ಬಂತು. ಕಿರಿಯವನೇ ಮುಂದಾಗುವನು ಎಂಬ ಅರ್ಥದ ಮಾತು. ಹಾಳೆಯನ್ನೇ ನೋಡುತ್ತ, ಸ್ವರ ನಡುಗದ ಹಾಗೆ, ಅದನ್ನೇ ಓದುವವಳಂತೆ ಹೇಳಿದೆ. ಹನ್ನೊಂದು ದಿನ ಕಿರಿಯವಳು ನೀನು.

ಅಪ್ಪ ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, ಬಗ್ಗಿ ನಿನ್ನನ್ನು ಎತ್ತಿಕೊಂಡರು.

ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತೀಯ. ಇನ್ನೊಂದು ಮಗು ಗುಂಡುಗುಂಡಾಗಿತ್ತು. ಬಂದವರಿಗೆಲ್ಲ ಕೈಚಾಚಿ ನಗುತ್ತಿತ್ತು. ನೀನು ನಗಲಿಲ್ಲ. ನಿನ್ನ ಎಡಗಣ್ಣು ಮೂಗಿನ ಕಡೆಗೆ ವಾಲಿತ್ತು. ಬೆಳಕಿಗೆ ತಿರುಗಿಸಿ ನೋಡಿದೆ, ಬೆರಳಾಡಿಸಿ ನೋಡಿದೆ. ಆ ಕಣ್ಣು ಹಿಂಬಾಲಿಸಲಿಲ್ಲ. ಹೊತ್ತಿಗೆ ಸರಿಯಾಗಿ ಕನ್ನಡಕ ಹಾಕಿ, ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ, ಸೋಮಾರಿ ಕಣ್ಣಿಗೆ ಕೆಲಸ ಕೊಡದಿದ್ದರೆ ಅದು ನೋಡುವುದನ್ನೇ ಮರೆಯುತ್ತದೆ ಎಂದು ಅಷ್ಟು ವರ್ಷದ ಕೆಲಸದಲ್ಲಿ ಕಲಿತಿದ್ದೆ. ಇದು ನನ್ನ ಕೈಯಲ್ಲಿ ಆಗುವ ಕೆಲಸ ಎನಿಸಿತು. ಮರುಕ ಅನ್ನಬೇಡ. ನಿನ್ನ ಮುಖ ಹಿಡಿದಿದ್ದ ನನ್ನ ಬೆರಳನ್ನು ನೀನು ಬಾಯಿಗೆ ಹಾಕಿಕೊಂಡು ಕಚ್ಚಿದೆ. ಹಲ್ಲು ಬರುತ್ತಿತ್ತು. ಆಗಲೇ ಮುಗಿದುಹೋಗಿತ್ತು, ಪುಸ್ತಕ ತೆರೆಯುವ ಮೊದಲೇ.

ಹೀಗಿದೆ ನೋಡು ಸಂಗತಿ. ನಿನ್ನ ಕಣ್ಣಿಗೆ ಪಟ್ಟಿ ಕಟ್ಟಿದ ಐದು ವರ್ಷ, ಶಾಲೆಯ ಮಕ್ಕಳು ಕಾಡಿದಾಗಲೆಲ್ಲ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಈ ಕಥೆ ಹೇಳಿದೆ. ನಿನ್ನನ್ನು ಪುಸ್ತಕವೇ ಆರಿಸಿತು ಕಂದಾ ಎಂದೆ. ನೀನು ಕಣ್ಣೀರು ಒರೆಸಿಕೊಂಡು ಮತ್ತೆ ಆಡಲು ಓಡುತ್ತಿದ್ದೆ. ಒಮ್ಮೆ ಹೇಳಿದ ಸುಳ್ಳು ಮಗುವಿಗೆ ಔಷಧಿಯಾದ ಮೇಲೆ ಸೀಸೆ ಕಸಿದುಕೊಳ್ಳುವುದು ಹೇಗೆ? ನಿಜ ಹೇಳಬೇಕೆಂದರೆ ನನಗೇ ಅದು ನಿಜವಾಗುತ್ತ ಬಂತು. ವರ್ಷಗಟ್ಟಲೆ ಆ ಬಾಗಿಲುಗಳ ಅಳತೆ ನನ್ನ ನೆನಪಿನಿಂದ ಮಾಯವಾಗಿತ್ತು.

ಕನಸಿನಲ್ಲಿ ಮಾತ್ರ ಅದು ಮಾಯವಾಗಲಿಲ್ಲ. ಕನಸಿನಲ್ಲಿ ಆ ಉದ್ದನೆಯ ಕೋಣೆಗೆ ಕೊನೆಯಿಲ್ಲ. ಬಾಗಿಲಾದ ಮೇಲೆ ಬಾಗಿಲು, ಒಂದೊಂದರ ಪಕ್ಕದಲ್ಲೂ ತೊಟ್ಟಿಲು. ನಾನು ಮೊಳ ಹಾಕುತ್ತ ನಡೆಯುತ್ತೇನೆ. ಯಾರೂ ಅಳುವುದಿಲ್ಲ, ಯಾರೂ ಗದರುವುದಿಲ್ಲ. ಎಲ್ಲ ಕಡೆ ಹಾಲಿನಂಥ ಬೆಳಕು. ಒಂದು ತೊಟ್ಟಿಲಿನಿಂದ ಗುಂಡು ಕೈಯೊಂದು ಚಾಚಿಕೊಳ್ಳುತ್ತದೆ. ಅದನ್ನು ಮುಟ್ಟುವ ಮುಂಚೆ ಎಚ್ಚರವಾಗುತ್ತದೆ.

ಆ ಮಗು ಏನಾಯಿತು ಎಂದು ನಾನು ಈವರೆಗೆ ವಿಚಾರಿಸಿಲ್ಲ. ಇದು ನನ್ನ ಎರಡನೆಯ ತಪ್ಪು, ಬಹುಶಃ ಮೊದಲನೆಯದಕ್ಕಿಂತ ದೊಡ್ಡದು. ಅಷ್ಟು ನಗುವ ಮಗು, ಯಾರಾದರೂ ಕರೆದುಕೊಂಡು ಹೋಗಿರುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶಿಶುಮಂದಿರದ ಬೀದಿಯಲ್ಲಿ ಬಸ್ಸು ಹೋಗುವಾಗ ತಲೆ ತಗ್ಗಿಸಿ ಚೀಲದಲ್ಲಿ ಏನಾದರೂ ಹುಡುಕುತ್ತಿದ್ದೆ.

ದೇವರ ಹೆಸರಿನಲ್ಲಿ ನನ್ನ ಇಷ್ಟವನ್ನು ನಡೆಸಿಕೊಂಡೆ ಎಂಬ ಹೆದರಿಕೆ ನನಗೆ ಇಪ್ಪತ್ತನಾಲ್ಕು ವರ್ಷದಿಂದ ಇದೆ. ಗ್ರಂಥದ ಮಾತಿಗೆ ತಲೆಬಾಗಬೇಕೇ ಹೊರತು ಅದರ ಬಾಯಿಗೆ ನಮ್ಮ ಮಾತನ್ನು ತುರುಕಬಾರದು. ಇದು ನಿನಗೆ ಯಾವ ಮೇಷ್ಟ್ರಿಗಿಂತಲೂ ಚೆನ್ನಾಗಿ ನಾನು ಹೇಳಬಲ್ಲೆ. ಆದರೆ ನಾನೇ ಆರಿಸಿದೆ ಎಂದ ಮಾತ್ರಕ್ಕೆ ದೇವರು ಆರಿಸಲಿಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಹನ್ನೆರಡು ವರ್ಷ ಕನ್ನಡಕದಂಗಡಿಯಲ್ಲಿ ಕೂರಿಸಿ, ವಾಲಿದ ಕಣ್ಣನ್ನು ಗುರುತಿಸಲು ಕಲಿಸಿ, ಆ ಗುರುವಾರ ಅಲ್ಲಿಗೆ ಕಳಿಸಿದ್ದು ಯಾರು? ಹೀಗೆ ಯೋಚಿಸಿದರೆ ನೆಮ್ಮದಿ. ಆ ನೆಮ್ಮದಿಯೂ ನಾನೇ ಕಟ್ಟಿಕೊಂಡ ಪಟ್ಟಿಯೋ ಏನೋ. ನೀನು ಓದಿದವಳು, ನೀನೇ ಹೇಳು.

ಇದನ್ನು ಓದಿ ನೀನು ಪೀಠ ಹತ್ತುವುದಿಲ್ಲ ಎಂದರೆ ಅರ್ಥಮಾಡಿಕೊಳ್ಳುತ್ತೇನೆ. ನನ್ನ ಮೇಲೆ ಸಿಟ್ಟಾದರೆ ಅದನ್ನೂ ಅರ್ಥಮಾಡಿಕೊಳ್ಳುತ್ತೇನೆ. ಒಂದೇ ಕೋರಿಕೆ, ನಿನ್ನನ್ನು ಯಾರೂ ಆರಿಸಲಿಲ್ಲ ಎಂದು ಮಾತ್ರ ತಿಳಿಯಬೇಡ. ಹಾಗೆ ತಿಳಿಯುವೆಯೋ ಎಂದೇ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಅಪ್ಪನಿಗೆ ಇದು ಗೊತ್ತಿಲ್ಲ. ಅವರ ಎದುರು ಕೂತು ಹೇಳಲು ನಾಲಿಗೆ ಏಳುವುದಿಲ್ಲ. ಅವರು ಮಲಗುವ ಹಾಸಿಗೆಯನ್ನು ನಾನೇ ಎಳೆದ ಹಾಗಾಗುತ್ತದೆ. ಆದರೂ ಅವರಿಂದ ಮುಚ್ಚಿಟ್ಟು ನಿನಗೆ ಮಾತ್ರ ಹೇಳುವುದೂ ಕಳ್ಳತನವೇ. ಸಂಜೆ ಈ ಕಾಗದವನ್ನು ಅಂಟಿಸದೆ ಅವರ ಕೈಗೆ ಕೊಡುತ್ತೇನೆ. ಅಂಟಿಸಿ ಟಪಾಲಿಗೆ ಹಾಕಿ ಎನ್ನುತ್ತೇನೆ. ಓದುವುದು ಬಿಡುವುದು ಅವರ ಸ್ವಂತ ಇಚ್ಛೆ. ನಿಮ್ಮ ಕಾಲೇಜಿನಲ್ಲಿ ಈ ಪ್ರಶ್ನೆಯನ್ನೂ ಚರ್ಚೆಗೆ ಇಡು.

ಮಾಲೀಕರ ಚಪ್ಪಲಿ ಸದ್ದು ಕೇಳಿಸುತ್ತಿದೆ. ಹೊಸ ಕನ್ನಡಕದಲ್ಲಿ ಓದುವಾಗ ತಲೆನೋವು ಬಂದರೆ ತಿಳಿಸು, ಬಲಗಡೆಯ ಗಾಜು ಬದಲಿಸಬೇಕಾದೀತು.

ನಿನ್ನನ್ನು ಕಂಡು, ಕಣ್ಣು ತೆರೆದೇ, ಆರಿಸಿಕೊಂಡ
ನಿನ್ನ ಅಮ್ಮ

ತಾ. ಕ. ಮಿಟುಕಿ, ಇದು ಅಪ್ಪ. ಕಾಗದ ಓದಿದೆ. ನಿಮ್ಮಮ್ಮ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಾಳೆ.

ಅವಳು ಓದಿದ ವಚನ ಅಲ್ಲಿರಲಿಲ್ಲ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಅವಳಿಗಳ ಆ ಮಾತು ಪುಸ್ತಕದ ಮೊದಲ ಕೆಲವು ಹಾಳೆಗಳಲ್ಲಿದೆ. ನನ್ನ ಎಡಗೈಯಲ್ಲಿ ಅರ್ಧಕ್ಕಿಂತ ಹೆಚ್ಚು ಪುಸ್ತಕದ ಭಾರವಿತ್ತು. ಕಣ್ಣು ಕಾಣದಿದ್ದರೇನು, ಕೈಗೆ ತಿಳಿಯದೇ? ಅವಳ ಮುಖ ನೋಡಿದೆ. ಹನ್ನೆರಡು ವರ್ಷದಲ್ಲಿ ಅವಳು ಏನನ್ನೂ ಅಷ್ಟು ಗಟ್ಟಿ ಮನಸ್ಸಿನಿಂದ ಬೇಡಿರಲಿಲ್ಲ. ಪುಸ್ತಕ ಮುಚ್ಚಿದೆ. ನಿನ್ನನ್ನು ದೇವರು ಕೊಟ್ಟ ಎಂದು ಅಂದೂ ನಂಬಿದೆ, ಇಂದೂ ನಂಬುತ್ತೇನೆ. ಕೊಡಲು ಆತನಿಗೆ ನನ್ನ ಬೆರಳೇ ಬೇಕೆಂದೇನಿಲ್ಲ.

ಆದರೆ ಆ ಇನ್ನೊಂದು ಮಗುವನ್ನು ಬಿಟ್ಟುಬಂದದ್ದನ್ನು ದೇವರ ತಲೆಗೆ ಕಟ್ಟಲು ನನಗಾಗಲಿಲ್ಲ. ಬಿಟ್ಟವರು ನಾವು. ಒಂಬತ್ತನೆಯ ದಿನ ಡಿಪೋಗೆ ರಜೆ ಹಾಕಿ, ನಿಮ್ಮಮ್ಮನಿಗೆ ಹೇಳದೆ, ಆ ಮಗುವನ್ನೂ ಕರೆತರೋಣವೆಂದು ಹೋದೆ. ಇದನ್ನು ನಿಮ್ಮಮ್ಮನಿಗೆ ಹೇಳಿದ್ದರೆ, ಸುಳ್ಳು ನನಗೆ ಗೊತ್ತಿದೆ ಎಂದೂ ಹೇಳಬೇಕಾಗುತ್ತಿತ್ತು. ಹೇಳದೆ ಇಷ್ಟು ವರ್ಷ ಆ ಭಾರವನ್ನು ಅವಳೊಬ್ಬಳೇ ಹೊರುವ ಹಾಗೆ ಮಾಡಿದೆ. ಇದು ನನ್ನ ತಪ್ಪು. ಈ ಕಾಗದ ಅಂಟಿಸುವ ಮುಂಚೆ ಒಳಗೆ ಹೋಗಿ ಅವಳಿಗೆ ಎಲ್ಲ ಹೇಳುತ್ತೇನೆ.

ಶಿಶುಮಂದಿರದ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತು ಆ ಮಗುವಿನ ಕಾಲಿಗೆ ಕೆಂಪು ಕಾಲುಚೀಲ ಹಾಕುತ್ತಿದ್ದಳು. ಮಗು ಒದ್ದು ಒದ್ದು ಕಿತ್ತುಹಾಕುತ್ತಿತ್ತು. ಅವಳ ಗಂಡ ಬಿದ್ದದ್ದನ್ನು ಆರಿಸಿ ಆರಿಸಿ ಕೊಡುತ್ತಿದ್ದ. ಮೂವರೂ ನಗುತ್ತಿದ್ದರು. ಆ ಮನುಷ್ಯ ತಲೆಯೆತ್ತಿ, “ನೀವೂ ಮಗು ನೋಡೋಕೆ ಬಂದ್ರಾ?” ಎಂದು ಕೇಳಿದ. ನೋಡಿದೆ ಎಂದೆ. ಒಂದು ಮೆಟ್ಟಿಲು ಇಳಿದು ಅವರಿಗೆ ದಾರಿ ಬಿಟ್ಟೆ.