ನನ್ನ ಹೊಲದ ಬೋರ್ಡು ಮತ್ತು ಒಂದು ಮೀನಿನ ಹಲ್ಲು

ಹಳೆಯ ವಸ್ತುಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಹೊಲದಲ್ಲಿ ತಾವು ನೆಡಿಸಿರುವ ‘ಶಿಲಾಯುಗದ ನೆಲೆ, ಉಳುಮೆ ನಿಷೇಧಿಸಿದೆ’ ಎಂಬ ಬೋರ್ಡನ್ನು ದಯವಿಟ್ಟು ಕೀಳಿಸಿ. ಮುಂಗಾರು ಬಂದಿದೆ. ಅಕ್ಕಪಕ್ಕದವರ ಜೋಳ ಮೊಳಕೆ ಒಡೆದಿದೆ. ನನ್ನ ಹೊಲದಲ್ಲಿ ಎದ್ದು ನಿಂತಿರುವುದು ಬೋರ್ಡೊಂದೇ. ಅಲ್ಲಿ ಯಾವ ಶಿಲಾಯುಗದವನೂ ವಾಸವಿರಲಿಲ್ಲ. ತಾವು ಗಾಜಿನ ಪೆಟ್ಟಿಗೆಯಲ್ಲಿಟ್ಟು ‘ಬಾಣದ ಮೊನೆ’ ಎಂದು ಚೀಟಿ ಅಂಟಿಸಿರುವುದು ಮೀನಿನ ಹಲ್ಲು. ಅದು ಬಂದದ್ದು ರಾಕ್ ಫಾಸ್ಫೇಟ್ ಗೊಬ್ಬರದ ಚೀಲದಿಂದ.

ಆಗಲೇ ಏಕೆ ಹೇಳಲಿಲ್ಲ ಎಂದು ತಾವು ಕೇಳಬಹುದು. ಕೇಳಬೇಕಾದ ಮಾತೇ. ಬಳ್ಳಿಗಾವಿಯ ಸುತ್ತಲಿನ ನಮ್ಮ ಊರುಗಳಲ್ಲಿ ವಿಚಿತ್ರ ಕಲ್ಲು ಸಿಕ್ಕರೆ ಎಸೆಯುವುದಿಲ್ಲ. ಯಾವ ಗುಡಿಯದೋ ಏನೋ ಎಂದು ತೊಳೆದು, ವಿಭೂತಿ ಹಚ್ಚಿ, ಕಟ್ಟೆಯ ಮೇಲಿಡುತ್ತೇವೆ. ಕಳೆದ ವರ್ಷ ಗೊಬ್ಬರ ಎರಚುವಾಗ ನನ್ನ ಹೆಂಡತಿ ವೀರಮ್ಮನ ಕೈಗೆ ಸಿಕ್ಕ ಮೂರು ಮೂಲೆಯ ಕಂದು ಕಲ್ಲಿಗೂ ಅದೇ ಮರ್ಯಾದೆ ಆಯಿತು. ಆ ದಾರಿಯಲ್ಲಿ ಬಂದ ತಾವು ಜೀಪು ನಿಲ್ಲಿಸಿ, ಅದನ್ನು ಕೈಗೆತ್ತಿಕೊಂಡು, ಬುಡದ ಎರಡು ಪುಟ್ಟ ಮೊನೆಗಳು ಕೋಲಿಗೆ ಕಟ್ಟಲು ಮಾಡಿದ ಕಿವಿಗಳೆಂದು ಅಪ್ಪಣೆ ಕೊಡಿಸಿದಿರಿ. ಎಲ್ಲಿ ಸಿಕ್ಕಿತೆಂದು ಕೇಳಿದಿರಿ. ಕಟ್ಟೆಯ ಮೇಲೆ ಅರ್ಧ ಊರು ಕೂತಿತ್ತು. ಅಷ್ಟು ಜನರ ಮುಂದೆ ಗೊಬ್ಬರದ ಚೀಲ ಎನ್ನುವ ಗಂಡಸೇ ನಾನು? ನನ್ನ ಹೊಲದಲ್ಲಿ ಎಂದೆ. ಅಷ್ಟಕ್ಕೇ ನಿಲ್ಲಿಸದೆ, ನಮ್ಮ ವಂಶವೇ ಬಿಲ್ಲುಗಾರರದು ಎಂದೂ ಸೇರಿಸಿದೆ. ಮೊಟ್ಟೆಯನ್ನೂ ಹೊಸಿಲು ದಾಟಿಸದ ಮನೆತನ ನಮ್ಮದು.

ವೀರಮ್ಮ ಸುಮ್ಮನಿರಲಿಲ್ಲ, ತಮಗೆ ನೆನಪಿರಬಹುದು. “ಹೊಲದಾಗಲ್ಲ ಸಾಹೇಬ್ರೇ, ಚೀಲದಾಗ ಸಿಕ್ಕಿದ್ದು. ನಾನೇ ಆರ್ಸಿ ತೆಗೆದೀನಿ,” ಎಂದಳು. ಹೆಂಗಸರಿಗೆ ಇದೆಲ್ಲ ತಿಳಿಯದು ಎಂದೆ ನಾನು. ತಾವು ನಕ್ಕು, ನನ್ನ ಮಾತನ್ನೇ ಬರೆದುಕೊಂಡಿರಿ. ಅಷ್ಟು ಓದಿದವರು ಏಳನೇ ಕ್ಲಾಸಿನವನನ್ನು ಅಷ್ಟು ಬೇಗ ನಂಬಬಹುದೇ? ನನ್ನನ್ನು ನಮ್ಮ ಮನೆಯ ಎಮ್ಮೆಯೂ ನಂಬುವುದಿಲ್ಲ.

ಈ ವರ್ಷದ ಚೀಲದಲ್ಲಿ ಅಂಥದೇ ಇನ್ನೊಂದು ಸಿಕ್ಕಿತು. ಸೊರಬದಿಂದ ಬಂದಿದ್ದ ನನ್ನ ತಂಗಿಯ ಮಗಳು ಅಶ್ವಿನಿ, ಕಾಲೇಜಿನಲ್ಲಿ ಭೂವಿಜ್ಞಾನ ಓದುವವಳು, ನೋಡಿದವಳೇ ಶಾರ್ಕ್ ಮೀನಿನ ಹಲ್ಲು ಎಂದಳು. ಆ ಗೊಬ್ಬರ ದೂರದೇಶದ ಹಳೆಯ ಸಮುದ್ರತಳದ ಕಲ್ಲನ್ನು ಅರೆದ ಪುಡಿಯಂತೆ; ಅರೆಯುವಾಗ ತಪ್ಪಿಸಿಕೊಂಡ ಹಲ್ಲು ಹಾಗೇ ಚೀಲಕ್ಕೆ ಬರುತ್ತದಂತೆ. ಶಾರ್ಕಿನ ಮೈಯಲ್ಲಿ ಗಟ್ಟಿ ಎಲುಬೇ ಇಲ್ಲ. ಸತ್ತರೆ ಮೈಯೆಲ್ಲ ಕರಗಿ ಹೆಚ್ಚಾಗಿ ಹಲ್ಲಷ್ಟೇ ಉಳಿಯುತ್ತದಂತೆ. ಬದುಕಿರುವಾಗ ಒಂದು ಉದುರಿದರೆ ಹಿಂದಿನ ಸಾಲಿನಿಂದ ಇನ್ನೊಂದು ಮುಂದೆ ಬರುತ್ತದಂತೆ. ಇದನ್ನು ಕೇಳಿ ನಾನು ನನ್ನ ಬೋಳು ವಸಡನ್ನು ನಾಲಿಗೆಯಿಂದ ಸವರಿಕೊಂಡೆ. ತಾವು ಕಿವಿ ಎಂದದ್ದು ಪಕ್ಕದ ಮರಿಹಲ್ಲುಗಳು. ಈ ಮೀನಿನ ಮುಂದಿನ ಪೀಳಿಗೆಗಳಲ್ಲಿ, ಕೋಟಿಗಟ್ಟಲೆ ವರ್ಷಗಳ ಮೇಲೆ, ಅವು ಅಳಿದು, ನುಣ್ಣಗಿದ್ದ ಅಂಚಿಗೆ ಗರಗಸದ ಹಲ್ಲು ಬಂದವಂತೆ.

“ಮಾವ, ಇದು ಐದು ಕೋಟಿ ವರ್ಷದ್ದು. ಆಗ ಮನುಷ್ಯರೇ ಇರಲಿಲ್ಲ. ನಿಮ್ಮ ಬಿಲ್ಲುಗಾರರು ಎಲ್ಲಿಂದ ಬಂದ್ರು?”

ಒಳಗಿಂದ ವೀರಮ್ಮ ಹೇಳಿದಳು: “ಅವರ ಬಾಯಾಗಿಂದ ಬಂದ್ರು ಬಿಡವ್ವ.”

ಹೊಸ ಹಲ್ಲು ಹಿಡಿದು ತಮ್ಮ ಕಚೇರಿಗೆ ಬಂದೆ. ಉಳುಮೆಯ ಆಸೆಗೆ ಈಗ ಕಥೆ ಕಟ್ಟುತ್ತಿದ್ದೀಯ ಎಂದಿರಿ. ಕಟ್ಟಿದ ಕಥೆಗೆ ಗಾಜಿನ ಪೆಟ್ಟಿಗೆ, ನಿಜಕ್ಕೆ ಬಾಗಿಲಾಚೆಯ ದಾರಿ. ಇದು ಯಾವ ನ್ಯಾಯ ಸ್ವಾಮಿ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹದ ಆರುವ ಮೊದಲು ಒಮ್ಮೆ ಅದೇ ಕಟ್ಟೆಗೆ ಬನ್ನಿ. ನನ್ನ ಹೇಳಿಕೆ ಹೊಡೆದುಹಾಕಿ, ವೀರಮ್ಮನದನ್ನು ಬರೆದುಕೊಳ್ಳಿ. ಅವಳದೊಂದು ಷರತ್ತಿದೆ: ಅದೇ ಜನ ಕೂತಿರಬೇಕು, ಅವಳು ಮುಗಿಸುವವರೆಗೆ ನಾನು ಬಾಯಿ ತೆರೆಯಕೂಡದು. ಒಪ್ಪಿದ್ದೇನೆ. ತಮ್ಮ ಶಿಲಾಯುಗ ನೋಡಲು ಯಾರೂ ಬಂದಿರಲಿಲ್ಲ. ಇದನ್ನು ನೋಡಲು ಇಡೀ ಊರು ಈಗಲೇ ಕಟ್ಟೆಯಲ್ಲಿ ಜಾಗ ಹಿಡಿಯುತ್ತಿದೆ.

ಇಂತಿ,
ಬಿಲ್ಲು ಕಾಣದ ಬಿಲ್ಲುಗಾರ, ಎರಡನೇ ಸಾಲು ಹಲ್ಲಿಲ್ಲದ
ಪರಮಶಿವಪ್ಪ
ಉಡುತಡಿ, ಶಿಕಾರಿಪುರ ತಾಲ್ಲೂಕು
ಜೂನ್ ೧೯೯೬