ಮುಂದಿನ ಚಕ್ರದ ನಡುಕ

ಶನಿವಾರ, ಅಂಗಡಿ ತೆರೆಯುವ ಮುಂಚೆ

ನನ್ನ ಮುದ್ದು ಮೆಕ್ಯಾನಿಕ್ ಮಗಳಿಗೆ ಅಮ್ಮನ ನೂರು ಮುತ್ತು.

ಗಾಡಿಯ ನಡುಕದ ಕಾರಣ ಹುಡುಕಲು ನೀನು ಪತ್ರದಲ್ಲಿ ಹೇಳಿದ್ದ ಪರೀಕ್ಷೆಗಳನ್ನೆಲ್ಲ ಮಾಡಿ ಮುಗಿಸಿದೆವು. ನನ್ನ ಹೊಲಿಗೆ ಅಂಗಡಿಯ ಮುಂದೆಯೇ ಆ ಹಳೇ ಮೋಟಾರ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು, ಮುಂದಿನ ಚಕ್ರವನ್ನು ನೆಲದಿಂದ ಎತ್ತಿದೆವು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಚಮಚದಲ್ಲಿ ತಟ್ಟಿದೆ; ಎಲ್ಲವೂ ಟಿಣ್ ಎಂದವು, ಒಂದೂ ಸಡಿಲವಿಲ್ಲ. ತಿರುಗಿಸಿದರೆ ಚಕ್ರ ಓಲಾಡಲಿಲ್ಲ. ಟೈರು ಹೊಸದು. ಗಾಡಿಯ ಯಜಮಾನರು, ಅದೇ ಎದುರು ಅಂಗಡಿಯ ಗಡಿಯಾರ ರಿಪೇರಿಯವರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆಕ್ಸಲ್ ಪರೀಕ್ಷೆ ಮಾಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಇದು ಕೈಗಡಿಯಾರ ಅಲ್ಲ, ಸ್ಪ್ಯಾನರ್ ಹಿಡೀರಿ ಅಂದೆ. ಮೆಕ್ಯಾನಿಕ್ ನಿಮ್ಮ ಮಗಳು, ನೀವಲ್ಲ, ಪತ್ರದಲ್ಲಿ ಇರೋದನ್ನ ಮಾತ್ರ ಓದಿ ಅಂದರು.

ಕೊನೆಗೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಎಂದಿತು. ನಿನ್ನ ಅನುಮಾನವೇ ನಿಜ, ಅಲ್ಲಿನ ಬೇರಿಂಗ್ ಸಡಿಲವಾಗಿದೆ.

ಇನ್ನು ಉಳಿದದ್ದು ನಿನ್ನ ಕೊನೆಯ ಪ್ರಶ್ನೆ. ನಡುಕ ಬರುವುದು ಒಬ್ಬರೇ ಹೋದಾಗಲೋ, ಹಿಂದೆ ಯಾರಾದರೂ ಕೂತಾಗಲೋ ಎಂದು ಕೇಳಿದ್ದೀಯ. ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗಿ, ಇದ್ದ ಸಡಿಲವೆಲ್ಲ ಬಯಲಿಗೆ ಬರುತ್ತದೆ ಎಂದೂ ಬರೆದಿದ್ದೀಯ. ಓದಿದವಳೇ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ಅವರು ಒಬ್ಬರೇ ಹೋದರೆ ಗಾಡಿಗೆ ಏನೂ ಆಗುವುದಿಲ್ಲ. ಹಿಂದೆ ಒಬ್ಬರು ಕೂತು ವೇಗ ನಲವತ್ತು ದಾಟಿದರೆ ಮಾತ್ರ ಹ್ಯಾಂಡಲ್ ನಡುಗುತ್ತದೆ. ಹಾಗೆ ಹಿಂದೆ ಕೂರುವವಳು ನಾನೇ. ಹೋದ ಪತ್ರದಲ್ಲಿ ಯಾರೋ ಪರಿಚಯದವರ ಗಾಡಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೆ.

ಮೊದಮೊದಲು ಅಂಗಡಿಗೆ ಗುಂಡಿ, ದಾರ ತರಲು ಹೋಗುತ್ತಿದ್ದೆವು. ಆಮೇಲೆ ಗುಂಡಿ, ದಾರ ಬೇಕಿಲ್ಲದಾಗಲೂ ಹೊರಟೆವು. ಇಳಿಜಾರಿನಲ್ಲಿ ಮುಖಕ್ಕೆ ಗಾಳಿ ಬಡಿದರೆ ನಾನು ದೊಡ್ಡ ದನಿಯಲ್ಲಿ ಹಾಡುತ್ತೇನೆ ಕಣೆ, ಈ ವಯಸ್ಸಿನಲ್ಲಿ. ತುಂಬಾ ಖುಷಿಯಾಗಿದ್ದೇನೆ. ಮದುವೆಯಾಗೋಣವೇ ಎಂದು ಅವರು ಕೇಳಿದ್ದಾರೆ. ನನಗೆ ಮನಸ್ಸಿದೆ. ತೀರಿಹೋದ ನಿನ್ನಪ್ಪನ ಜಾಗ ಅಪ್ಪನದೇ, ಅಲ್ಲಿ ಯಾರನ್ನೂ ಕೂರಿಸುತ್ತಿಲ್ಲ. ಆದರೂ ನಿನಗೆ ನೋವಾಗುವುದಾದರೆ ನಾನು ಹೂಂ ಅನ್ನುವವಳಲ್ಲ. ಅಮ್ಮನಿಗೆ ಬೇಸರವಾದೀತು ಎಂದು ನೋಡದೆ, ಮನಸ್ಸಿನಲ್ಲಿದ್ದದ್ದನ್ನು ಬರೆದುಬಿಡು.

ಉತ್ತರ ಬರುವ ತನಕ ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲಾರದ,
ನಿನ್ನ ಅಮ್ಮ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ನಿನ್ನ ಪಾರ್ಸಲ್ ಬಂತು. ಮೇಲೆ ಬೇರಿಂಗ್, ಅದರ ಕೆಳಗೆ ಎರಡು ಹೆಲ್ಮೆಟ್. ದೊಡ್ಡದು ಅವರ ತಲೆಗೆ ಸರಿಹೋಯಿತು. ಚಿಕ್ಕದರ ಒಳಗಿನ ಸ್ಪಂಜನ್ನು ಹಿಂಭಾಗದಲ್ಲಿ ನನ್ನ ತುರುಬಿನ ಅಳತೆಗೆ ಕೊರೆದಿದ್ದೀಯ. ಎಲ್ಲ ಗೊತ್ತಿದ್ದೂ ನನ್ನಿಂದಲೇ ಬಾಯಿ ಬಿಡಿಸಿದೆಯಲ್ಲ, ಕಳ್ಳಿ. ಅದನ್ನು ಹಾಕಿಕೊಂಡೇ ಅಂಚೆ ಡಬ್ಬಿಯವರೆಗೆ ನಡೆದು ಹೋಗುತ್ತಿದ್ದೇನೆ, ನೋಡುವವರು ನೋಡಲಿ.